"ನೀನೇ ಬಾಸ್ ಅಂತ ತೋರಿಸು" ಅನ್ನೋರಿಗೆ, ನಮ್ಮ ಮುಧೋಳ ನಾಯಿ ಚೆನ್ನಿ ಪರವಾಗಿ

ಮನೆಗೆ ನಾಯಿ ಬಂತು ಅಂದ್ರೆ ಸಾಕು, ಹೋದವ್ರು ಬಂದವ್ರೆಲ್ಲ ಒಂದೇ ಮಾತು ಹೇಳ್ತಾರೆ, ಮೊದಲೇ ಹದ್ದುಬಸ್ತಲ್ಲಿ ಇಟ್ಕೋ, ನೀನೇ ಬಾಸ್ ಅಂತ ತೋರಿಸು, ಇಲ್ಲಾಂದ್ರೆ ತಲೆ ಮೇಲೆ ಕೂತ್ಕೊಳ್ಳುತ್ತೆ. ನೀನು ಉಂಡಾದ ಮೇಲೇನೇ ಅದಕ್ಕೆ ಹಾಕು, ಬಾಗಿಲಲ್ಲಿ ನೀನೇ ಮುಂದೆ ಹೋಗು, ಗುರ್ ಅಂದ್ರೆ ಅಂಗಾತ ಕೆಡವಿ ಅದುಮಿ ಹಿಡಿ. ದುಡ್ಡು ತಗೊಂಡು ಇದನ್ನೇ ಹೇಳಿಕೊಡೋ ಟ್ರೇನರ್‌ಗಳೂ ಇದ್ದಾರೆ. ಇದರಿಂದ ಎಷ್ಟೋ ಒಳ್ಳೆ ನಾಯಿಗಳು ಹೆದರಿ ಹೆದರಿ ಕೊನೆಗೊಂದಿನ ಕಚ್ಚಿ, ಆಮೇಲೆ ಬದುಕಿರೋವರೆಗೂ ಚೈನಲ್ಲೇ ಬಿದ್ದಿರ್ತವೆ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಈ ಆಲ್ಫಾ ಕಥೆ, ಅಂದ್ರೆ ಗುಂಪಲ್ಲಿ ಹೊಡೆದಾಡಿ ಗೆದ್ದೋನೇ ಬಾಸ್ ಅನ್ನೋದು, ಶುರುವಾಗಿದ್ದು ನಾಯಿಗಳಿಂದ ಅಲ್ಲ, ತೋಳಗಳಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ಝೂನಲ್ಲಿ ಕೂಡಿ ಹಾಕಿದ್ದ ತೋಳಗಳನ್ನ ನೋಡಿ ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ 1947ರಲ್ಲಿ ಬರೆದ್ರು, ಗುಂಪಲ್ಲಿ ಜಗಳ ಆಗುತ್ತೆ, ಗೆದ್ದೋರು ಮೇಲೆ ಇರ್ತಾರೆ ಅಂತ. ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಜನಪ್ರಿಯ ಮಾಡಿದ್ರು. ಆದ್ರೆ ಅದೇ ಮೆಕ್ ಆಮೇಲೆ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಗಿ ಬೇಸಿಗೆ ಬೇಸಿಗೆ ಕಾಡುತೋಳಗಳ ಜೊತೆ ಕಳೆದು, 1999ರಲ್ಲಿ ಬರೆದಿದ್ದೇ ಬೇರೆ. ಕಾಡಲ್ಲಿ ತೋಳದ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ ಅಮ್ಮ ಮಕ್ಕಳು ಅಷ್ಟೇ, ಅಲ್ಲಿ ಯಾರೂ ಹೊಡೆದಾಡಿ ಪಟ್ಟಕ್ಕೆ ಏರಲ್ಲ, ಹೆತ್ತವರು ದಾರಿ ತೋರಿಸ್ತಾರೆ ಮರಿಗಳು ಹಿಂದೆ ಹೋಗ್ತವೆ. ತನ್ನ ಹಳೇ ಪುಸ್ತಕ ಅಚ್ಚು ಹಾಕೋದು ನಿಲ್ಲಿಸಿ ಅಂತ ಪ್ರಕಾಶಕರನ್ನ ಆ ಮನುಷ್ಯ ತಾನೇ ಕೇಳ್ಕೊಂಡ್ರು. ಇಷ್ಟೆಲ್ಲ ಆದ್ಮೇಲೂ ನಮ್ಮ ಲೇಔಟ್ ಪಾರ್ಕಲ್ಲಿ ಇನ್ನೂ ಆಲ್ಫಾ ಅನ್ನೋ ಮಾತು ನಡೀತಾನೇ ಇದೆ, ಅದೂ ತೋಳ ಅಲ್ಲದ ಪ್ರಾಣಿ ಬಗ್ಗೆ.

ನಮ್ಮ ಮನೇಲಿರೋದು ಮುಧೋಳ ನಾಯಿ, ಹೆಸರು ಚೆನ್ನಿ. ಬಾಗಲಕೋಟೆ ಜಿಲ್ಲೆ ಮುಧೋಳದ ತಳಿ, ಅಲ್ಲಿನ ಘೋರ್ಪಡೆ ರಾಜರು ಬೆಳೆಸಿದ್ದು, 2005ರಲ್ಲಿ ಅಂಚೆ ಚೀಟಿ ಮೇಲೂ ಬಂತು. ಇದು ಕಣ್ಣಿಂದ ಬೇಟೆ ಆಡೋ ನಾಯಿ, ಓಡೋದನ್ನ ಕಂಡ್ರೆ ಕಾಲು ತಾನಾಗೇ ಏಳುತ್ತೆ. ಬೆಕ್ಕು, ಅಳಿಲು, ಪಕ್ಕದಲ್ಲಿ ಸರ್ ಅಂತ ಹೋಗೋ ಸ್ಕೂಟರ್, ಯಾವುದಾದ್ರೂ ಆಗಬಹುದು. ಅದನ್ನ ಮಾತು ಕೇಳಲ್ಲ, ಪೊಗರು ಅಂದ್ಕೊಂಡು ಬೆಲ್ಟ್ ಜಗ್ಗಿದ್ರೆ ನಾಯಿಗೆ ಅರ್ಥ ಆಗೋದು ಒಂದೇ, ಸ್ಕೂಟರ್ ಬಂದಾಗೆಲ್ಲ ಕುತ್ತಿಗೆ ನೋಯುತ್ತೆ. ಅಲ್ಲಿಗೆ ಸ್ಕೂಟರ್ ಮೇಲೆ ದ್ವೇಷ ಶುರು. ಇನ್ನೊಂದು, ಮುಧೋಳ ನಾಯಿಗಳಿಗೆ ಗುರುತಿಲ್ಲದೋರು ಬಂದು ತಲೆ ಸವರೋದು ಅಷ್ಟಾಗಿ ಹಿಡಿಸಲ್ಲ, ಅದು ಅವುಗಳ ಸ್ವಭಾವ, ಅದಕ್ಕೆ ಮರ್ಯಾದೆ ಕೊಡ್ಬೇಕು.

ಹಾಗಾದ್ರೆ ಲೀಡರ್ ಬೇಡ್ವಾ ಅಂದ್ರೆ, ಖಂಡಿತ ಬೇಕು. ಆದ್ರೆ ಲೀಡರ್ ಕೆಲಸ ನಾಯಿನ ಗೆಲ್ಲೋದಲ್ಲ, ನಾಯಿ ಹೆದರೋ ಜಾಗದಲ್ಲಿ ಅದರ ಪರವಾಗಿ ತೀರ್ಮಾನ ತಗೊಳ್ಳೋದು. ನಮ್ಮೂರುಗಳಲ್ಲಿ ಇದು ಗೊತ್ತಾಗೋದು ಬೀದಿನಾಯಿಗಳ ಮುಂದೆ. ಬೆಳಗ್ಗೆ ವಾಕಿಂಗ್‌ಗೆ ಹೋಗ್ತೀರ, ತಿರುವಲ್ಲಿ ನಾಲ್ಕು ನಾಯಿ ಎದ್ದು ನಿಂತ್ವು, ಆಗ ಬಹಳ ಜನ ಲೀಶ್ ಸುತ್ತಿ ಸುತ್ತಿ ಬಿಗಿಯಾಗಿ ಹಿಡೀತಾರೆ, ಉಸಿರು ಕಟ್ತಾರೆ, ಜೋರಾಗಿ ಹಚಾ ಹಚಾ ಅಂತಾರೆ. ಲೀಶ್ ಬಿಗಿ ಆದ ತಕ್ಷಣ ನಮ್ಮ ನಾಯಿಗೆ ಗೊತ್ತಾಗುತ್ತೆ, ಓಹೋ ಏನೋ ಅಪಾಯ ಇದೆ ಅಂತ, ಓಡೋಕೂ ಆಗಲ್ಲ, ಇನ್ನು ಉಳಿದಿದ್ದು ಬೊಗಳೋದು ಮಾತ್ರ. ನಾನು ಮಾಡೋದು ಇಷ್ಟು. ದೂರದಲ್ಲೇ ನೋಡ್ಕೊಂಡು, ಅವು ಏಳೋ ಮುಂಚೆನೇ ರಸ್ತೆ ದಾಟ್ತೀನಿ, ದಾಟೋಕೆ ಜಾಗ ಇಲ್ಲ ಅಂದ್ರೆ ಚೆನ್ನಿನ ಗೋಡೆ ಕಡೆ ಬಿಟ್ಟು ನಾನು ಮಧ್ಯ ಬರ್ತೀನಿ, ಲೀಶ್ ಸಡಿಲ, ನಡಿಗೆ ಅದೇ ವೇಗ, ಬೀದಿನಾಯಿಗಳ ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ. ಚೆನ್ನಿ ಅವನ್ನ ನೋಡಿ ತಿರುಗಿ ನನ್ನ ಮುಖ ನೋಡಿದ್ಲು ಅಂದ್ರೆ ಆ ಕ್ಷಣಾನೇ ಒಂದು ಚೂರು ಬೇಯಿಸಿದ ಕೋಳಿ. ಒಂದೆರಡು ಸೆಕೆಂಡಲ್ಲಿ ಕೊಟ್ರೆ ಮಾತ್ರ ಯಾವುದಕ್ಕೆ ಸಿಕ್ತು ಅಂತ ಅದಕ್ಕೆ ತಿಳಿಯುತ್ತೆ, ಮನೆಗೆ ಬಂದು ಕೊಟ್ರೆ ಅದು ಬರೀ ತಿಂಡಿ. ಈಗ ತಿರುವು ಬಂದ್ರೆ ಅವಳೇ ತಿರುಗಿ ನೋಡ್ತಾಳೆ, ಏನ್ ಮಾಡೋಣ ಅಂತ. ಆ ನೋಟ ಹೊಡೆದು ಬಡಿದು ಬರೋದಲ್ಲ.

ಇನ್ನು ನಾಯಿ ಭಾಷೆ. ಬಾಲ ಆಡಿಸಿದ್ರೆ ಖುಷಿ ಅಂತ ಎಲ್ರೂ ಅಂದ್ಕೊಂಡಿದ್ದೀವಿ. ಇಟಲಿ ವಿಜ್ಞಾನಿಗಳು 2007ರಲ್ಲಿ ತೋರಿಸಿದ್ದಾರೆ, ಸಾಕಿದವರನ್ನ ಕಂಡಾಗ ಬಾಲ ಬಲಕ್ಕೆ ಜಾಸ್ತಿ ಆಡುತ್ತೆ, ಗುರುತಿಲ್ಲದ ದಬ್ಬಾಳಿಕೆ ನಾಯಿ ಕಂಡಾಗ ಎಡಕ್ಕೆ. ಇದನ್ನ ರಸ್ತೇಲಿ ಅಳೆಯೋಕೆ ಆಗಲ್ಲ ಬಿಡಿ, ಆದ್ರೆ ಉಳಿದ ಮೈ ನೋಡಬಹುದು. ನಿದ್ದೆ ಇಲ್ಲದ ಹೊತ್ತಲ್ಲಿ ಆಕಳಿಕೆ, ತಿನ್ನೋಕೆ ಏನೂ ಇಲ್ದೆ ಮೂತಿ ನೆಕ್ಕೋದು, ಮುಖ ಪಕ್ಕಕ್ಕೆ ತಿರುಗಿಸೋದು, ಕಣ್ಣಿನ ಬಿಳಿ ಕಾಣೋದು, ಬಾಯಿ ಮುಚ್ಚಿ ಮೈ ಸೆಟೆದು ನಿಲ್ಲೋದು. ಇದೆಲ್ಲ ಸಾಕು ಬಿಡಿ ಅನ್ನೋ ಮಾತು. ಮಕ್ಕಳು ಕುತ್ತಿಗೆ ತಬ್ಕೊಂಡು ಫೋಟೋ ತೆಗೆಸ್ಕೊಳ್ತಾರಲ್ಲ, ಆ ಫೋಟೋಗಳಲ್ಲಿ ನಾಯಿ ಮುಖ ನೋಡಿ, ಇದರಲ್ಲಿ ಅರ್ಧ ಸಿಗುತ್ತೆ. ಆಗ ಮಗುನ ಮೆತ್ತಗೆ ಈಚೆ ಕರ್ಕೊಳ್ಳೋದೇ ಲೀಡರ್ ಕೆಲಸ.

ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೆ ನಂಬಬೇಡಿ, ಬೊಗಳೋ ನಾಯಿನೂ ಕಚ್ಚುತ್ತೆ. ಆದ್ರೆ ಗುರ್ ಅನ್ನೋ ನಾಯಿ ನಮಗೆ ಉಪಕಾರ ಮಾಡ್ತಿದೆ, ಮುಂಚೆನೇ ಹೇಳ್ತಿದೆ. ಗುರ್ ಅಂದಿದ್ದಕ್ಕೆ ಏಟು ಬಿದ್ರೆ ಅದು ಗುರ್ ಅನ್ನೋದನ್ನ ಬಿಡುತ್ತೆ, ಹೆದರಿಕೆ ಹಾಗೇ ಇರುತ್ತೆ, ಮುಂದಿನ ಸಲ ಸದ್ದಿಲ್ಲದೆ ಹಲ್ಲು. ಇನ್ನೊಂದು ವಿಷಯ, ಯಾವತ್ತೂ ಸಮಾಧಾನವಾಗಿರೋ ನಾಯಿ ಇದ್ದಕ್ಕಿದ್ದ ಹಾಗೆ ಸಿಡುಕೋಕೆ ಶುರು ಮಾಡಿದ್ರೆ ಟ್ರೇನರ್ ಹತ್ರ ಹೋಗೋ ಮುಂಚೆ ವೆಟ್ ಡಾಕ್ಟರ್ ಹತ್ರ ಹೋಗಿ. ಕಿವಿ ಸೋಂಕು, ಕೀಲು ನೋವು, ನಮ್ಮ ಕಡೆ ಜಾಸ್ತಿ ಬರೋ ಉಣ್ಣೆ ಜ್ವರ (ಟಿಕ್ ಫೀವರ್), ಎಲ್ಲ ಹೊರಗಿಂದ ಕೋಪದ ಥರಾನೇ ಕಾಣುತ್ತೆ.

ದೀಪಾವಳಿ ಬಗ್ಗೆ ತುಂಬ ಜನ ಕೇಳ್ತಾರೆ, ಪಟಾಕಿಗೆ ನಡುಗೋ ನಾಯಿನ ಸಮಾಧಾನ ಮಾಡಿದ್ರೆ ಹೆದರಿಕೆ ಇನ್ನೂ ಜಾಸ್ತಿ ಆಗಲ್ವಾ ಅಂತ. ಆಗಲ್ಲ. ಹೆದರಿಕೆ ಅನ್ನೋದು ಅದು ಬೇಕು ಅಂತ ಮಾಡೋ ಚೇಷ್ಟೆ ಅಲ್ಲ, ತಬ್ಕೊಂಡ್ರೆ ಬಹುಮಾನ ಕೊಟ್ಟ ಹಾಗೆ ಆಗೋಕೆ. ನಮಗೆ 20,000 ಹರ್ಟ್ಸ್ (ಸದ್ದು ಎಷ್ಟು ಕೀರಲು ಅನ್ನೋ ಅಳತೆ) ಮೇಲೆ ಕೇಳಿಸಲ್ಲ, ಅವಕ್ಕೆ ಹೆಚ್ಚುಕಡಿಮೆ 45,000 ತನಕ ಕೇಳುತ್ತೆ, ನಮಗೆ ಕೇಳಿಸದ ಸದ್ದುಗಳೂ ಅದರ ಕಿವಿಗೆ ಬೀಳ್ತವೆ. ಸಂಜೆ ಆಗೋ ಮುಂಚೆನೇ ವಾಕಿಂಗ್ ಮುಗಿಸಿ, ಕಿಟಕಿ ಮುಚ್ಚಿ, ಫ್ಯಾನು ಟಿವಿ ಹಾಕಿ, ಮಂಚದ ಕೆಳಗೆ ಹೋಗಿ ಕೂತ್ರೆ ಅಲ್ಲೇ ಇರೋಕೆ ಬಿಡಿ, ಎಳೀಬೇಡಿ. ನಿಮ್ಮ ಹತ್ರ ಬಂದು ಒರಗಿದ್ರೆ ಕೈ ಇಟ್ಕೊಂಡು ಕೂತಿರಿ. ವಿಪರೀತ ಹೆದರೋ ನಾಯಿ ಆದ್ರೆ ಹಬ್ಬಕ್ಕೆ ಒಂದೆರಡು ವಾರ ಇರೋವಾಗಲೇ ಡಾಕ್ಟರ್ ಕೇಳಿ ಔಷಧಿ ತಗೊಳ್ಳಿ, ಕೊನೇ ದಿನ ಫೋನ್ ಮಾಡಿದ್ರೆ ಅವರಿಗೂ ಕಷ್ಟ. ಮತ್ತೆ ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರ್ ಇರೋ ಬಿಲ್ಲೆ ಹಾಕಿ, ಮುಧೋಳದಂಥ ನಾಯಿ ಹೆದರಿ ಗೇಟು ಹಾರಿದ್ರೆ ಹಿಂದೆ ಓಡಿ ಹಿಡಿಯೋಕೆ ನಮ್ಮಿಂದ ಆಗಲ್ಲ.