ಫಿಲಿಪ್ಪಿಯಿಂದ ಕೊರಿಂಥಕ್ಕೆ: ಸೆರೆ, ಸಂಕಟ ಮತ್ತು ಪೌಲನ ದಾರಿ

ಗ್ರೀಸ್ ದೇಶದ ಈಶಾನ್ಯ ತೀರದಲ್ಲಿರುವ ಕವಾಲಾ ಎಂಬ ಬಂದರು ಪಟ್ಟಣವನ್ನು ಬೈಬಲಿನ ಹೊಸ ಒಡಂಬಡಿಕೆಯ ಓದುಗರು ನೆಯಾಪೊಲಿ ಎಂಬ ಹಳೆಯ ಹೆಸರಿನಿಂದ ಬಲ್ಲರು. ಕ್ರಿ.ಶ. 50ರ ಆಸುಪಾಸಿನಲ್ಲಿ, ಕ್ರೈಸ್ತ ವಿಶ್ವಾಸದ ಮೊದಲ ಬೋಧಕರಲ್ಲೊಬ್ಬನಾದ ಅಪೊಸ್ತಲ ಪೌಲನು ತ್ರೋವದಲ್ಲಿ ಹಡಗು ಹತ್ತಿ, ಸಮೊಥ್ರಾಕೆ ದ್ವೀಪದ ಮಾರ್ಗವಾಗಿ ಬಂದು ಇಳಿದದ್ದು ಈ ಬಂದರಿನಲ್ಲಿಯೇ. ಅವನ ಆಗಮನವನ್ನು ಚಿತ್ರಿಸುವ ದೊಡ್ಡದೊಂದು ಮೊಸಾಯಿಕ್ ಸ್ಮಾರಕ ಸಂತ ನಿಕೊಲಾಸರ ದೇವಾಲಯದ ಹೊರಗೆ ಇದೆ. ಅಲ್ಲಿಂದ ಹೊರಟು ಫಿಲಿಪ್ಪಿ, ಥೆಸಲೋನಿಕ, ಬೆರೋಯ, ಅಥೇನೆಗಳ ಮೂಲಕ ಕೊರಿಂಥದವರೆಗೆ ಅವನ ದಾರಿಯನ್ನು ಹಿಡಿದು ಹೋಗುವುದು ನಮ್ಮ ಪುಟ್ಟ ತಂಡದ ಉದ್ದೇಶವಾಗಿತ್ತು. ಕಷ್ಟದ ಕುರಿತು ಕ್ರೈಸ್ತ ಸಭೆಗಳಲ್ಲಿ ಇಂದಿಗೂ ಓದಲಾಗುವ ಮಾತುಗಳಲ್ಲಿ ಹಲವು ಈ ದಾರಿಯ ಊರುಗಳಿಗೆ ಅವನು ಬರೆದ ಪತ್ರಗಳಿಂದ ಬಂದಿವೆ. ಆ ಮಾತುಗಳ ಹಿಂದೆ ಎಂಥ ಕಲ್ಲು, ಎಂಥ ಕತ್ತಲೆ, ಎಂಥ ಏಟು ಇದ್ದವು ಎಂಬುದನ್ನು ಸ್ಥಳದಲ್ಲಿಯೇ ನಿಂತು ನೋಡಬೇಕೆಂಬ ಆಸೆ ನನಗಿತ್ತು.

ಕವಾಲಾದಿಂದ ಫಿಲಿಪ್ಪಿ ಸುಮಾರು 15 ಕಿಲೋಮೀಟರ್ ದೂರ. ಕ್ರಿ.ಪೂ. 356ರಲ್ಲಿ ಮಕೆದೋನ್ಯದ ಅರಸ ಎರಡನೆಯ ಫಿಲಿಪ್ಪನು ತನ್ನ ಹೆಸರಿಟ್ಟ ಈ ನಗರದ ಬಯಲಿನಲ್ಲಿ ಕ್ರಿ.ಪೂ. 42ರಲ್ಲಿ ಆಂಟನಿ ಮತ್ತು ಒಕ್ಟೇವಿಯನ್ನರ ಸೇನೆಗಳು ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಮತ್ತು ಕ್ಯಾಸಿಯಸ್‌ರನ್ನು ಸೋಲಿಸಿದವು. ಆ ಬಳಿಕ ನಿವೃತ್ತ ಸೈನಿಕರನ್ನು ಇಲ್ಲಿ ನೆಲೆಗೊಳಿಸಿ ಇದನ್ನು ರೋಮಿನ ವಸಾಹತು ಮಾಡಲಾಯಿತು. ರೋಮಿನ ಪೌರತ್ವವೇ ಊರಿನ ಹೆಮ್ಮೆಯಾಗಿದ್ದ ಕಡೆ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ವಿಚಾರಣೆಯೇ ಇಲ್ಲದೆ, ಬಟ್ಟೆ ಹರಿಸಿ, ಸಾರ್ವಜನಿಕವಾಗಿ ಬೆತ್ತಗಳಿಂದ ಹೊಡೆಸಿದರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಈ ಅವಶೇಷಗಳ ನಡುವೆ ನಡೆಯಬೇಕು. ಇಂದು ಕಾಣುವ ಚಾವಡಿಯ ಕಟ್ಟಡಗಳು ಮಾರ್ಕಸ್ ಔರೇಲಿಯಸ್ ಚಕ್ರವರ್ತಿಯ ಕಾಲದವು, ಅಂದರೆ ಪೌಲನಿಗಿಂತ ನೂರು ವರ್ಷಕ್ಕೂ ಈಚಿನವು. ಆದರೆ ಅದರ ಅಂಚಿನಲ್ಲಿ ಹಾದುಹೋಗುವ ವಿಯಾ ಎಗ್ನಾತಿಯಾ ಎಂಬ ಹೆದ್ದಾರಿ ಅವನ ಕಾಲಕ್ಕೂ ಹಳೆಯದು. ಅದರ ಹಾಸುಗಲ್ಲುಗಳಲ್ಲಿ ಬಂಡಿಯ ಗಾಲಿಗಳು ಕೊರೆದ ಗೀರುಗಳಿವೆ. ಬಗ್ಗಿ ಒಂದು ಗೀರಿನಲ್ಲಿ ಬೆರಳಿಟ್ಟಾಗ ಅದರ ಅಂಚುಗಳು ಅಂಗೈಯಷ್ಟು ನುಣುಪಾಗಿದ್ದವು.

ಬೆಸಿಲಿಕಾ ಎ ಎಂದು ಕರೆಯುವ ಪಾಳು ದೇವಾಲಯದ ಸನಿಹದಲ್ಲಿ, ಕಲ್ಲಿನಿಂದ ಕಟ್ಟಿದ ಸಣ್ಣದೊಂದು ನೆಲಮಾಳಿಗೆಯಂಥ ಕೋಣೆಯಿದೆ. ಪೌಲನ ಸೆರೆಮನೆ ಇದೇ ಎಂದು ಪರಂಪರೆ ಹೇಳುತ್ತದೆ. ಪುರಾತತ್ವಜ್ಞರ ಪ್ರಕಾರ ಅದು ಮೂಲತಃ ರೋಮನರ ಕಾಲದ ನೀರಿನ ತೊಟ್ಟಿ, ಮುಂದೆ ಆರಾಧನಾ ಸ್ಥಳವಾಗಿ ಮಾರ್ಪಟ್ಟದ್ದು. ಇದನ್ನು ಕೇಳಿ ನಮ್ಮ ತಂಡದ ಕೆಲವರಿಗೆ ನಿರಾಶೆಯಾಯಿತು, ನನಗಾಗಲಿಲ್ಲ. ಮುಖ್ಯವಾದದ್ದು ಆ ರಾತ್ರಿ, ಆ ಗೋಡೆಯಲ್ಲ. ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೆಯ ಅಧ್ಯಾಯವು ಹೇಳುವಂತೆ, ಭವಿಷ್ಯ ನುಡಿದು ಯಜಮಾನರಿಗೆ ಹಣ ತರುತ್ತಿದ್ದ ದಾಸಿಯೊಬ್ಬಳನ್ನು ಪೌಲನು ದುರಾತ್ಮದಿಂದ ಬಿಡಿಸಿದನು. ಆದಾಯ ಕಳೆದುಕೊಂಡ ಯಜಮಾನರು ಅಪೊಸ್ತಲರನ್ನು ಅಧಿಕಾರಿಗಳ ಮುಂದೆ ಎಳೆದೊಯ್ದರು. ಏಟು ತಿಂದ ಮೈಯಲ್ಲಿ, ಕಾಲಿಗೆ ಕೋಳ ಹಾಕಿಸಿಕೊಂಡು, ಅವರಿಬ್ಬರೂ ನಡುರಾತ್ರಿಯಲ್ಲಿ ಪ್ರಾರ್ಥಿಸುತ್ತ ಹಾಡುತ್ತ ಇದ್ದರು.

ಸಭೆಗಳ ಬೋಧನೆಗಳಲ್ಲಿ ಈ ಹಾಡಿಗೆ ಸಿಗುವಷ್ಟು ಗಮನ ಆಮೇಲೆ ನಡೆದದ್ದಕ್ಕೆ ಸಿಗುವುದಿಲ್ಲ ಎಂಬುದು ನನ್ನ ಬಹುಕಾಲದ ತಕರಾರು. ಭೂಕಂಪವಾಗಿ ಬಾಗಿಲುಗಳು ತೆರೆದವು, ಬೇಡಿಗಳು ಕಳಚಿದವು. ಕೈದಿಗಳು ಓಡಿಹೋದರೆ ತನ್ನ ತಲೆಯೇ ಹೋಗುತ್ತದೆಂದು ಹೆದರಿದ ಸೆರೆಮನೆಯ ಯಜಮಾನನು ಕತ್ತಿ ಹಿರಿದು ಪ್ರಾಣ ಕಳೆದುಕೊಳ್ಳಲು ಸಿದ್ಧನಾದನು. ಆಗ ಪೌಲನು, ಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲಿಯೇ ಇದ್ದೇವೆ ಎಂದು ಕೂಗಿದನು. ಬೆನ್ನು ಸೀಳಿಹೋದ ಮನುಷ್ಯನಿಗೆ, ಬಾಗಿಲು ತೆರೆದ ಆ ಗಳಿಗೆಯಲ್ಲಿ, ತನ್ನ ಬಿಡುಗಡೆಗಿಂತ ಮೊದಲು ಕಂಡದ್ದು ತನ್ನ ಕಾಲಿಗೆ ಕೋಳ ಹಾಕಿದವನ ಭಯ. ಕಷ್ಟದ ಸ್ವಭಾವ ಇದಕ್ಕೆ ತೀರ ವಿರುದ್ಧವಾದದ್ದು. ನೋವು ಹೆಚ್ಚಿದಷ್ಟೂ ಮನುಷ್ಯನ ಜಗತ್ತು ಕಿರಿದಾಗುತ್ತ ಬರುತ್ತದೆ, ಕೊನೆಗೆ ನೋಯುತ್ತಿರುವ ಅಂಗವೊಂದೇ ಉಳಿಯುತ್ತದೆ. ಹಲ್ಲುನೋವಿನಲ್ಲಿ ರಾತ್ರಿ ಕಳೆದವರಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿಶ್ವಾಸವು ಕಷ್ಟದ ಬಗೆಗಿನ ದೃಷ್ಟಿಯನ್ನು ಬದಲಿಸುತ್ತದೆ ಎಂದಾಗ, ನೋವು ಕಡಿಮೆಯಾಗುತ್ತದೆ ಎಂದೋ, ನೋವೇ ಒಳ್ಳೆಯದಾಗಿ ಕಾಣುತ್ತದೆ ಎಂದೋ ತಿಳಿಯುವವರಿದ್ದಾರೆ. ಫಿಲಿಪ್ಪಿಯ ಆ ಕತ್ತಲೆಯಲ್ಲಿ ಬದಲಾಗಿದ್ದುದು ಕಣ್ಣಿನ ಹರವು. ತಾನು ದೇವರ ಕೈಯಲ್ಲಿದ್ದೇನೆ ಎಂಬುದು ಒಬ್ಬನಿಗೆ ಖಚಿತವಾದರೆ, ತನ್ನನ್ನು ಕಾಯ್ದುಕೊಳ್ಳುವ ಕೆಲಸದಿಂದ ಅವನಿಗೆ ಒಂದಿಷ್ಟು ಬಿಡುವು ದೊರೆಯುತ್ತದೆ. ಆ ಬಿಡುವಿನಲ್ಲಿ ಪಕ್ಕದವನು ಕಣ್ಣಿಗೆ ಬೀಳುತ್ತಾನೆ. ಅದೇ ರಾತ್ರಿ ಸೆರೆಮನೆಯ ಯಜಮಾನನು ಆ ಇಬ್ಬರ ಗಾಯಗಳನ್ನು ತೊಳೆದನೆಂದೂ, ಬಳಿಕ ತನ್ನ ಮನೆಯವರೆಲ್ಲರೊಂದಿಗೆ ದೀಕ್ಷಾಸ್ನಾನ ಹೊಂದಿದನೆಂದೂ, ತನ್ನ ಮನೆಯಲ್ಲಿ ಊಟಕ್ಕೆ ಕೂರಿಸಿದನೆಂದೂ ಅಧ್ಯಾಯ ಹೇಳುತ್ತದೆ.

ಇದೇ ಕಥೆಯ ಕೊನೆಯ ಭಾಗವನ್ನು ಬಿಟ್ಟು ಓದಿದರೆ ಅಪಾಯವಿದೆ. ಬೆಳಗಾದ ಮೇಲೆ ಅಧಿಕಾರಿಗಳು ಅವರನ್ನು ಸದ್ದಿಲ್ಲದೆ ಬಿಟ್ಟುಬಿಡುವಂತೆ ಹೇಳಿಕಳುಹಿಸಿದಾಗ ಪೌಲನು ಒಪ್ಪಲಿಲ್ಲ. ರೋಮಿನ ಪೌರರಾದ ತಮ್ಮನ್ನು ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿದವರು ತಾವೇ ಬಂದು ಹೊರಗೆ ಕರೆದೊಯ್ಯಲಿ ಎಂದನು. ಅವರು ಹೆದರಿ ಬಂದು ವಿನಂತಿಸಿಕೊಂಡರು. ರಾತ್ರಿ ಹಾಡಿದ ಬಾಯಿಯೇ ಬೆಳಿಗ್ಗೆ ಅನ್ಯಾಯವನ್ನು ಅನ್ಯಾಯವೆಂದು ಹೇಳಿತು. ಸಹಿಸಿಕೊಳ್ಳುವುದೇ ವಿಶ್ವಾಸಿಯ ಲಕ್ಷಣ ಎಂದು ಏಟು ತಿನ್ನುತ್ತಿರುವವರಿಗೆ ಬೋಧಿಸುವವರು ಆ ಚಾವಡಿಯಲ್ಲಿ ಸ್ವಲ್ಪ ಹೊತ್ತು ನಿಂತು ಬರುವುದು ಒಳ್ಳೆಯದು.

ಮಧ್ಯಾಹ್ನ, ಥುವತೈರದ ಧೂಮ್ರವರ್ಣದ ಬಟ್ಟೆಯ ವ್ಯಾಪಾರಿಣಿ ಲುದ್ಯಳು ದೀಕ್ಷಾಸ್ನಾನ ಹೊಂದಿದಳೆಂದು ನಂಬಲಾಗುವ ಝಿಗಾಕ್ಟಿಸ್ ತೊರೆಯ ಬಳಿಗೆ ಹೋದೆವು. ಹಿಂದಿರುಗುವಾಗ ಅಷ್ಟಕೋನದ ದೇವಾಲಯದ ಅವಶೇಷವನ್ನೂ, ನಾಲ್ಕನೆಯ ಶತಮಾನದ ಬಿಷಪ್ ಪೊರ್ಫಿರಿಯೋಸನ ಹೆಸರನ್ನೂ ಪೌಲನ ಹೆಸರನ್ನೂ ಹೊತ್ತ ಮೊಸಾಯಿಕ್ ನೆಲದ ಬರಹದ ವಿಚಾರವನ್ನೂ ತಿಳಿದುಕೊಂಡೆವು. ಏಟು ತಿಂದ ಊರಿನಲ್ಲಿ ಮೂರು ಶತಮಾನಗಳೊಳಗೆ ಅವನ ಹೆಸರಿನ ದೇವಾಲಯವೆದ್ದಿತ್ತು. ಆದರೂ ನನ್ನ ಮನಸ್ಸಿನಲ್ಲಿದ್ದದ್ದು ಈ ಊರಿನ ಸಭೆಗೆ ಅವನು ಮುಂದೆ ಇನ್ನೊಂದು ಸೆರೆಯಿಂದ, ಪರಂಪರೆಯ ಅಭಿಪ್ರಾಯದಂತೆ ರೋಮಿನಿಂದ, ಬರೆದ ಪತ್ರ. ಸಂತೋಷಪಡಿರಿ ಎಂದು ಮತ್ತೆ ಮತ್ತೆ ಹೇಳುವ ಅದೇ ಪತ್ರದಲ್ಲಿ ಎಪಫ್ರೊದೀತನೆಂಬುವನ ಸುದ್ದಿಯಿದೆ. ಫಿಲಿಪ್ಪಿಯವರ ಸಹಾಯವನ್ನು ಹೊತ್ತು ಬಂದ ಅವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ತಲುಪಿದ್ದನು. ತಾನು ಕಾಯಿಲೆ ಬಿದ್ದ ಸುದ್ದಿ ಊರಿನವರಿಗೆ ತಿಳಿಯಿತಲ್ಲ ಎಂಬುದು ಅವನ ವ್ಯಥೆ. ಅವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂಬುದು ಪೌಲನ ಮಾತು. ಸಾವು ತನಗೆ ಲಾಭವೆಂದು ಮೊದಲ ಅಧ್ಯಾಯದಲ್ಲಿ ಬರೆದವನೇ ಗೆಳೆಯನ ಸಾವಿನ ಯೋಚನೆಗೆ ಹೀಗೆ ನಡುಗುತ್ತಾನೆ. ಕಷ್ಟವನ್ನು ಹಗುರಾಗಿ ತೆಗೆದುಕೊಳ್ಳುವ ಹಕ್ಕು ಏನಿದ್ದರೂ ತನ್ನ ಕಷ್ಟದ ಮಟ್ಟಿಗೆ ಮಾತ್ರ ಎಂಬಂತೆ.

ಥೆಸಲೋನಿಕದ ಗದ್ದಲದಲ್ಲಿ ಪೌಲನ ಕಾಲದ ಗುರುತು ಹುಡುಕುವುದು ಕಷ್ಟ. ಇಂದು ವೆರಿಯಾ ಎನ್ನುವ ಬೆರೋಯದಲ್ಲಿ ಸ್ಮಾರಕವೊಂದನ್ನು ನೋಡಿ ಮುಂದೆ ಹೊರಟೆವು.

ಇಂದು ಅಥೆನ್ಸ್ ಎನ್ನುವ ಅಥೇನೆಯಲ್ಲಿ ಎಲ್ಲರೂ, ಪೌಲನು ಮಾತಾಡಿದನೆಂದು ಹೇಳುವ ಅರಿಯೊಪಾಗದ ಬಂಡೆಯನ್ನೇರುತ್ತಾರೆ. ನಾವೂ ಜಾರುವ ಆ ಕಲ್ಲನ್ನು ಹತ್ತಿ ಇಳಿದೆವು. ನನಗೆ ಹೆಚ್ಚು ಬೇಕಾಗಿದ್ದುದು ಹಳೆಯ ಅಗೋರಾದ, ಅಂದರೆ ಪೇಟೆಯ ಚೌಕದ, ಉತ್ತರಕ್ಕೆ, ರೈಲು ಹಳಿಯಾಚೆ ಅಗೆದು ತೆಗೆದಿರುವ ಚಿತ್ರಿತ ಸ್ತೋವಾ ಎಂಬ ಕಂಬಸಾಲಿನ ಮೊಗಸಾಲೆಯ ಅಡಿಪಾಯ. ಕ್ರಿ.ಪೂ. 300ರ ಸುಮಾರಿಗೆ ತತ್ವಜ್ಞಾನಿ ಜೆನೋ ಬೋಧಿಸುತ್ತಿದ್ದದ್ದು ಇದರ ಕಂಬಗಳ ನಡುವೆ. ಸ್ತೋಯಿಕರೆಂಬ ಹೆಸರು ಬಂದದ್ದೂ ಇದರಿಂದಲೇ. ಪೌಲನು ಅಥೇನೆಯಲ್ಲಿ ಅವರೊಂದಿಗೂ ಎಪಿಕೂರಿಯರೆಂಬ ಇನ್ನೊಂದು ಪಂಥದ ತತ್ವಜ್ಞಾನಿಗಳೊಂದಿಗೂ ಚರ್ಚಿಸಿದನು. ಕಷ್ಟದ ವಿಷಯದಲ್ಲಿ ಸ್ತೋಯಿಕರ ಉತ್ತರ ಗಂಭೀರವಾದದ್ದು, ಅದನ್ನು ಕೀಳಾಗಿ ಕಾಣುವುದು ತಪ್ಪು: ರೋಗ, ಬಡತನ, ಅಗಲಿಕೆಗಳು ನಮ್ಮ ವಶದಲ್ಲಿಲ್ಲದವು, ನಿಜವಾದ ಕೇಡು ನಮ್ಮ ಒಳಗಿನ ಕೆಡುಕೊಂದೇ, ಆದ್ದರಿಂದ ಜ್ಞಾನಿಯು ಕದಲದೆ ಇರಬೇಕು. ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರಲು ಕಲಿತಿದ್ದೇನೆ ಎಂಬ ಪೌಲನ ಮಾತು ಮೇಲುನೋಟಕ್ಕೆ ಅದೇ ದನಿಯದ್ದು. ಆದರೆ ಅವನ ಧೈರ್ಯದ ಬೇರು ಅವನೊಳಗಿನದ್ದಲ್ಲ. ತನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎಂದು ಅವನು ಮುಂದುವರಿಸುತ್ತಾನೆ. ಆ ಬಲಪಡಿಸುವಾತನಾದ ಯೇಸುವೋ ಗೆತ್ಸೇಮನೆಯ ತೋಟದಲ್ಲಿ ಈ ಸಂಕಟದ ಪಾತ್ರೆ ತನ್ನಿಂದ ದಾಟಿಹೋಗಲಿ ಎಂದು ಬೇಡಿಕೊಂಡವನು, ಗೆಳೆಯ ಲಾಜರನ ಸಮಾಧಿಯ ಬಳಿ ಅತ್ತವನು, ಶಿಲುಬೆಯ ಮೇಲೆ ಏಕೆ ಕೈಬಿಟ್ಟೆ ಎಂದು ಕೂಗಿದವನು. ಕದಲದೆ ಇರುವುದೇ ಆದರ್ಶವಾಗಿದ್ದರೆ ಸುವಾರ್ತೆಗಳು ಈ ಮೂರು ಪ್ರಸಂಗಗಳನ್ನು ಅಡಗಿಸಿಡುತ್ತಿದ್ದವು. ಅಳುವುದಕ್ಕೂ ನಂಬುವುದಕ್ಕೂ ಒಂದೇ ಎದೆಯಲ್ಲಿ ಸ್ಥಳವಿದೆ ಎಂಬುದೇ, ನನ್ನ ತಿಳಿವಳಿಕೆಯಲ್ಲಿ, ಕ್ರೈಸ್ತ ವಿಶ್ವಾಸವು ಕಷ್ಟದಲ್ಲಿರುವವನಿಗೆ ಕೊಡುವ ಮೊದಲ ಉಪಕಾರ.

ಕೊರಿಂಥದ ಅವಶೇಷಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಪೊಲೊ ದೇವಸ್ಥಾನದ ಏಳು ಕಂಬಗಳು, ಹಿಂದೆ ಅಕ್ರೊಕೊರಿಂಥದ ಬೋಳು ಬೆಟ್ಟ. ಕ್ರಿ.ಪೂ. 146ರಲ್ಲಿ ರೋಮನರು ನೆಲಸಮ ಮಾಡಿ, 44ರಲ್ಲಿ ಜೂಲಿಯಸ್ ಸೀಸರನ ಆಜ್ಞೆಯಿಂದ ಮತ್ತೆ ಕಟ್ಟಿದ ಈ ನಗರದಲ್ಲಿ ಪೌಲನು ಒಂದೂವರೆ ವರ್ಷ ಗುಡಾರ ಹೊಲಿಯುತ್ತ ಬೋಧಿಸಿದನು. ಚಾವಡಿಯ ನಡುವಿನ ಎತ್ತರದ ಕಟ್ಟೆಯೇ ಬೇಮಾ, ನ್ಯಾಯಪೀಠ. ರೋಮಿನ ಅಖಾಯ ಪ್ರಾಂತದ ಅಧಿಪತಿ ಗಲ್ಲಿಯೋನನು ಪೌಲನ ಮೇಲಿನ ದೂರನ್ನು ಇಲ್ಲಿ ತಳ್ಳಿಹಾಕಿದನು. ಆತ ಸ್ತೋಯಿಕ ಲೇಖಕ ಸೆನೆಕಾನ ಅಣ್ಣ. ಆ ಕಟ್ಟೆಯ ಫಲಕದಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ವಾಕ್ಯವೊಂದನ್ನು ಕೆತ್ತಲಾಗಿದೆ. ನಮ್ಮ ಕ್ಷಣಿಕವಾದ ಹಗುರ ಸಂಕಟವು ನಮಗೆ ಅಳತೆಗೆ ಮೀರಿದ ನಿತ್ಯ ಮಹಿಮೆಯನ್ನು ಉಂಟುಮಾಡುತ್ತದೆ ಎಂಬುದು ಅದರ ಭಾವ.

ನಮ್ಮ ಜೊತೆಗಿದ್ದ ನಿವೃತ್ತ ಶಿಕ್ಷಕರೊಬ್ಬರು ಆ ಫಲಕದ ಮುಂದೆ ಬಹಳ ಹೊತ್ತು ನಿಂತರು. ಅವರ ಪತ್ನಿ ದೀರ್ಘಕಾಲ ಹಾಸಿಗೆ ಹಿಡಿದು ತೀರಿಕೊಂಡಿದ್ದರು. “ಈ ವಾಕ್ಯವನ್ನು ನನಗೆ ಓದಿ ಹೇಳಿ ಹೋದವರು ಬಹಳ ಜನ. ಒಬ್ಬರಾದರೂ ರಾತ್ರಿ ಉಳಿದುಕೊಂಡು ಅವಳ ಮಗ್ಗುಲು ಬದಲಿಸಲಿಲ್ಲ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವವರ ಸಾವಧಾನವಿತ್ತು. “ಹಾಗಾದರೆ ನೀವು ಇದನ್ನು ನಂಬುವುದಿಲ್ಲವೇ?” ಎಂದು ಕೇಳಿದೆ. “ನಂಬುತ್ತೇನೆ. ಬರೆದವನು ಹನ್ನೊಂದನೆಯ ಅಧ್ಯಾಯದ ಮನುಷ್ಯ, ಆದ್ದರಿಂದ ನಂಬುತ್ತೇನೆ” ಎಂದರು.

ಅವರು ಹೇಳಿದ ಅಧ್ಯಾಯದಲ್ಲಿ ಪೌಲನು ತನ್ನ ಕಷ್ಟಗಳ ಪಟ್ಟಿ ಕೊಡುತ್ತಾನೆ: ಐದು ಸಾರಿ ಒಂದು ಕಡಿಮೆ ನಲವತ್ತು ಏಟು, ಮೂರು ಸಾರಿ ಬೆತ್ತದ ಪೆಟ್ಟು, ಒಮ್ಮೆ ಕಲ್ಲೆಸೆತ, ಮೂರು ಸಾರಿ ಹಡಗು ಒಡೆತ. ಪತ್ರದ ಆರಂಭದಲ್ಲಿಯೇ, ಆಸ್ಯ ಪ್ರಾಂತದಲ್ಲಿ ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಒಪ್ಪಿಕೊಂಡಿದ್ದಾನೆ. ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯುವಂತೆ ಮೂರು ಸಾರಿ ಬೇಡಿಕೊಂಡರೂ ಮುಳ್ಳು ಹೋಗಲಿಲ್ಲ. ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂದಿತು. ಹಗುರವೆಂಬ ಮಾತನ್ನು ಆಡಿದವನು ಹೊತ್ತು ನೋಡಿದವನು. ತೂಗುವಾಗ ಎದುರು ತಟ್ಟೆಯಲ್ಲಿ ಪುನರುತ್ಥಾನವನ್ನು ಇಟ್ಟವನು. ಆ ತೂಕವನ್ನು ಪ್ರತಿಯೊಬ್ಬನೂ ತಾನೇ ಮಾಡಿಕೊಳ್ಳಬೇಕು, ಬೇರೆಯವರ ಪರವಾಗಿ ಮಾಡಿಕೊಡಲು ಬರುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಕಷ್ಟಕ್ಕೆ ಗುರಿಯಾದ ಯೋಬನ ಗೆಳೆಯರು ಏಳು ದಿನ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿದ್ದಾಗ ಸರಿಯಾಗಿಯೇ ಇದ್ದರು. ಬಾಯಿ ತೆರೆದು ಕಾರಣ ವಿವರಿಸಲು ಹೊರಟ ಮೇಲೆ ದೇವರ ಕೋಪಕ್ಕೆ ಗುರಿಯಾದರು.

ಕೊನೆಯಲ್ಲಿ ನೋಡಿದ್ದು ಕೊರಿಂಥದ ಪೂರ್ವದ ಬಂದರು ಕೆಂಖ್ರೆ. ಹಳೆಯ ಕಟ್ಟೆಗಳ ಬಹುಭಾಗ ಈಗ ನೀರಿನಡಿಯಲ್ಲಿದೆ. ಈ ಊರಿನ ಸಭೆಯ ಸೇವಕಿ ಫೊಯಿಬೆಯನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಶಿಫಾರಸು ಮಾಡುತ್ತಾನೆ. ಪತ್ರವನ್ನು ಒಯ್ದವಳೂ ಅವಳೇ ಎಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವಸಿದ್ಧಿ, ಅದರಿಂದ ನಿರೀಕ್ಷೆ ಹುಟ್ಟುತ್ತದೆ ಎಂಬ ಪ್ರಸಿದ್ಧ ಸಾಲು ಇರುವುದು ಆ ಪತ್ರದ ಐದನೆಯ ಅಧ್ಯಾಯದಲ್ಲಿ. ಎಲ್ಲರೂ ಅದನ್ನು ಬಲ್ಲರು. ಅದೇ ಪತ್ರದ 15ನೆಯ ಅಧ್ಯಾಯದಲ್ಲಿ ಕಡಿಮೆ ಜನ ಗಮನಿಸುವ ವ್ಯವಹಾರದ ಸುದ್ದಿಯೊಂದಿದೆ: ಮಕೆದೋನ್ಯ ಮತ್ತು ಅಖಾಯದ ಸಭೆಗಳು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ್ದವು. ಮಕೆದೋನ್ಯದವರು ತಾವೇ ಕಡುಬಡತನದಲ್ಲಿದ್ದು, ಶಕ್ತಿ ಮೀರಿ, ಕೊಡಲು ಅವಕಾಶ ಕೊಡಿರೆಂದು ಬೇಡಿಕೊಂಡು ಕೊಟ್ಟರೆಂದು ಕೊರಿಂಥದವರಿಗೆ ಅವನು ಬರೆದಿದ್ದನು. ಆ ಕೊಟ್ಟವರ ನಡುವೆ ಫಿಲಿಪ್ಪಿಯವರು ಇದ್ದಿರಲೇಬೇಕು. ರೋಮಿಗೂ ಅಲ್ಲಿಂದ ಸ್ಪೇನಿಗೂ ಹೋಗುವ ಬಯಕೆಯನ್ನು ಪಕ್ಕಕ್ಕಿರಿಸಿ, ಸೆರೆ ಕಾದಿದೆಯೆಂದು ಊರೂರಿನಲ್ಲಿ ಎಚ್ಚರಿಕೆ ಕೇಳಿದರೂ, ಪೌಲನು ಆ ಹಣದೊಂದಿಗೆ ಯೆರೂಸಲೇಮಿಗೆ ಹೊರಟನು, ಅಲ್ಲಿಯೇ ಬಂಧಿತನಾದನು.