ಎದ್ದು ಓಡಾಡಿದರೆ ಭ್ರೂಣ ಬೀಳುವುದಿಲ್ಲವೇ?

ಬೀಳುವುದಿಲ್ಲ. ಐವಿಎಫ್ ಚಿಕಿತ್ಸೆಯಲ್ಲಿ ಭ್ರೂಣವನ್ನು ಗರ್ಭಕೋಶದೊಳಗೆ ಬಿಟ್ಟ ಮೇಲೆ ನಡೆದರೆ, ಮೆಟ್ಟಿಲು ಹತ್ತಿದರೆ, ಸೀನಿದರೆ ಅದು ಜಾರಿ ಹೊರಗೆ ಬಂದೀತೇ ಎಂದು ಕೇಳುವವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಗರ್ಭಕೋಶವು ಬಾಯಿ ತೆರೆದ ಚೀಲವಲ್ಲ. ಅದರ ಮುಂದಿನ ಮತ್ತು ಹಿಂದಿನ ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಸುಮಾರು 0.2 ಮಿಲಿಮೀಟರಿನಷ್ಟಿರುವ ಭ್ರೂಣವು ಅವುಗಳ ನಡುವೆ ಉಳಿಯುತ್ತದೆ. ಹೀಗೆ ಭ್ರೂಣದ ವರ್ಗಾವಣೆಯಾದ ಮೇಲೆ ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ.

ಪ್ರಶ್ನೆಗಿಂತಲೂ ಅದನ್ನು ಕೇಳುವ ರೀತಿ ನನಗೆ ಸಿಟ್ಟು ತರಿಸುತ್ತದೆ. ಒಮ್ಮೆ ಒಬ್ಬ ಗಂಡ, ಹೆಂಡತಿಯ ಎದುರಿನಲ್ಲಿಯೇ, "ಇವಳು ಒಂದು ಕಡೆ ಸುಮ್ಮನಿರುವವಳಲ್ಲ, ನೀವೇ ಸ್ವಲ್ಪ ಗಟ್ಟಿಯಾಗಿ ಹೇಳಿ ಡಾಕ್ಟ್ರೇ" ಎಂದರು. ಆಕೆಯೋ, ಸ್ಕ್ಯಾನಿನಲ್ಲಿ ಗರ್ಭಕೋಶ ಸ್ಪಷ್ಟವಾಗಿ ಕಾಣಲೆಂದು ನಾವು ಹೇಳಿದ್ದಂತೆ ಮೂತ್ರಕೋಶ ತುಂಬಿಸಿಕೊಂಡು ಬಂದವರು, ಈಗ ಶೌಚಾಲಯಕ್ಕೆ ಹೋದರೆ ಭ್ರೂಣವೂ ಹೋದೀತೆಂಬ ಭಯದಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ್ದರು. ಎರಡರ ದಾರಿಯೇ ಬೇರೆ ಎಂದು ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಗಂಡ ಅದನ್ನು ನೋಡಿ, ಚಿತ್ರದ ಅಳತೆ ಸರಿಯಿಲ್ಲ ಎಂದರು.

ಹೆಣ್ಣಿನ ನಡಿಗೆಯ ಮೇಲೆ ಇಷ್ಟೊಂದು ಕಾವಲಿಡುವ ಜನ, "ಭ್ರೂಣ ಬಿಡುವಾಗ ನಿಮ್ಮ ಕೈ ಎಷ್ಟು ಹಗುರವಾಗಿತ್ತು?" ಎಂದು ನನ್ನನ್ನು ಕೇಳುವುದೇ ಇಲ್ಲ. ಕೇಳಬೇಕಾದದ್ದು ಅದನ್ನೇ. ಗರ್ಭಕೋಶದ ಒಳಪದರಕ್ಕೆ ತಾಗಿದ ಸ್ನಾಯು ಮುಟ್ಟಿನ ಸಮಯವಲ್ಲದೆಯೂ ಅಲೆಅಲೆಯಾಗಿ ಸಂಕುಚಿಸುತ್ತಿರುತ್ತದೆ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಈ ಅಲೆಗಳು ಗರ್ಭಕೋಶದ ಕೊರಳಿನಿಂದ ಅದರ ಮೇಲ್ಭಾಗದ ಕಡೆಗೆ ಸಾಗಿ ವೀರ್ಯಾಣುಗಳಿಗೆ ನೆರವಾಗುತ್ತವೆ; ಆಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅವುಗಳನ್ನು ತಣಿಸುತ್ತದೆ. ಭ್ರೂಣ ನೆಲೆಯೂರಲು ಬೇಕಾದದ್ದು ಈ ಶಾಂತಿಯೇ. ಫ್ರಾನ್ಸಿನಲ್ಲಿ ಫಾನ್ಶಿನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ, 209 ಮಹಿಳೆಯರ ಅಧ್ಯಯನದಲ್ಲಿ ವರ್ಗಾವಣೆಯ ವೇಳೆ ಸಂಕೋಚನಗಳು ಹೆಚ್ಚಿದ್ದಷ್ಟೂ ಗರ್ಭಧಾರಣೆ ಕಡಿಮೆಯಿತ್ತು, ಪ್ರೊಜೆಸ್ಟರಾನ್ ಹೆಚ್ಚಿದ್ದವರಲ್ಲಿ ಸಂಕೋಚನಗಳು ಕಡಿಮೆಯಿದ್ದವು. ಅದೇ ವರ್ಷ ಇಂಗ್ಲೆಂಡಿನ ಸಂಶೋಧಕರು, ಭ್ರೂಣದ ಬದಲು ಸ್ಕ್ಯಾನಿನಲ್ಲಿ ಕಾಣುವ ದ್ರವವನ್ನು ಬಿಟ್ಟು ನೋಡಿದಾಗ, ತೆಳುವಾದ ಕೊಳವೆಯ, ಅಂದರೆ ಕ್ಯಾಥೆಟರಿನ, ತುದಿ ಗರ್ಭಕೋಶದ ಮೇಲ್ಗೋಡೆಗೆ ತಾಗಿದರೆ ಬಲವಾದ ಅಲೆಗಳೆದ್ದು ದ್ರವವನ್ನು ಬಿಟ್ಟ ಜಾಗದಿಂದ ಸರಿಸುವುದು ಕಂಡಿತು. ಆದ್ದರಿಂದಲೇ ಮೃದುವಾದ ಕ್ಯಾಥೆಟರ್ ಬಳಸಿ, ಸ್ಕ್ಯಾನ್ ನೋಡುತ್ತ, ಮೇಲ್ಗೋಡೆಯನ್ನು ಮುಟ್ಟದೆ ಒಂದೆರಡು ಸೆಂಟಿಮೀಟರ್ ಕೆಳಗೆಯೇ ಭ್ರೂಣವನ್ನು ಬಿಡುತ್ತೇವೆ. ಇದು ರೋಗಿಯ ಶಿಸ್ತಲ್ಲ, ನನ್ನದು.

ಹಾಗಾದರೆ ಸಂಕೋಚನ ತಡೆಯುವ ಅಟೋಸಿಬಾನ್ ಚುಚ್ಚುಮದ್ದನ್ನು ಎಲ್ಲರಿಗೂ ಕೊಟ್ಟುಬಿಡಬಾರದೇ ಎಂದು ಸ್ವಲ್ಪ ಓದಿಕೊಂಡವರು ಪಟ್ಟು ಹಿಡಿಯುತ್ತಾರೆ. 800 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಹೆರಿಗೆಯಾಗುವ ಪ್ರಮಾಣವೇನೂ ಏರಲಿಲ್ಲ. ಎಲ್ಲರಿಗೂ ಅದನ್ನು ಬರೆದುಕೊಡಲು ನಾನು ತಯಾರಿಲ್ಲ.