ಅವ್ವನ ವಿಶ್‌ಲಿಸ್ಟು

ಅವ್ವನ ಫೋನಿಗೆ ರೀಚಾರ್ಜ್ ಮಾಡೋಕೆ ತಗೊಂಡಿದ್ದೆ, ಶಾಪಿಂಗ್ ಆ್ಯಪ್ ತೆರ್ಕೊಂಡೇ ಇತ್ತು.
ವಿಶ್‌ಲಿಸ್ಟಲ್ಲಿ ಒಂದೇ ಒಂದು. ಎರಡು ಲೀಟರಿನ ಗ್ರೈಂಡರ್.

ಈಗ್ಲೇ ಆರ್ಡರ್ ಮಾಡ್ಲೇನವ್ವ ಅಂದೆ. "ಬ್ಯಾಡ ತಡಿ, ಮಂಡಿಪೇಟೆ ಕಡೆ ಹೋದಾಗ ಕಲ್ಲು ಕೈಯಲ್ಲಿ ಮುಟ್ಟಿ ನೋಡ್ಬೇಕು, ದೋಸೆ ಹಿಟ್ಟು ನುಣ್ಣಗೆ ಬರ್ಬೇಕಲ್ಲ" ಅಂದ್ಲು. ಕೆಳಗಡೆ ಕೆಂಪಕ್ಷರದಲ್ಲಿ ಇನ್ನು 2 ಮಾತ್ರ ಉಳಿದಿವೆ ಅಂತ ಬರ್ತಾ ಇತ್ತು, ಆಫರ್ ಮುಗಿಯೋ ಟೈಮರ್ ಬೇರೆ ಓಡ್ತಾ ಇತ್ತು, ಅವ್ವ ಅದರ ಕಡೆ ಕಣ್ಣೂ ಹಾಯಿಸ್ಲಿಲ್ಲ. ನನಗೆ ತುಂಬಾ ಇಷ್ಟ ಆಯ್ತು ಅದು.

ಯಾಕಂದ್ರೆ ಆ ಕೆಂಪಕ್ಷರ ಇರೋದೇ ನಮ್ಮನ್ನ ಯೋಚನೆ ಮಾಡೋಕೆ ಬಿಡಬಾರದು ಅಂತ. ಸ್ಟಾಕ್ ನಿಜವಾಗ್ಲೂ ಕಮ್ಮಿ ಇದ್ರೆ ಹೇಳ್ಲಿ, ತಪ್ಪೇನಿಲ್ಲ. ಸುಳ್ಳು ಅರ್ಜೆಂಟ್ ಹುಟ್ಟಿಸೋ ಹಂಗಿಲ್ಲ. 2023ರ ನವೆಂಬರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಥರದ ಡಾರ್ಕ್ ಪ್ಯಾಟರ್ನ್, ಅಂದ್ರೆ ಆ್ಯಪು ವೆಬ್‌ಸೈಟುಗಳಲ್ಲಿ ಗ್ರಾಹಕರನ್ನ ದಾರಿ ತಪ್ಪಿಸೋ ತಂತ್ರಗಳನ್ನ, ಪಟ್ಟಿ ಮಾಡಿ ನಿಷೇಧಿಸಿದೆ, ಅದ್ರಲ್ಲಿ ಮೊದಲನೇದೇ ಇದು. ನಾವು ಹಾಕದೇ ಇರೋದನ್ನ ಕಾರ್ಟಿಗೆ ತುರುಕೋದೂ ಅದೇ ಪಟ್ಟಿಲಿ ಐತೆ, ಡೊನೇಷನ್ನು ಇನ್ಶೂರೆನ್ಸು ಅಂತ ತಾನೇ ಟಿಕ್ ಆಗಿರುತ್ತಲ್ಲ, ಅದು. ದುಡ್ಡು ಕಟ್ಟೋ ಮುಂಚೆ ಬಿಲ್ ಒಂದ್ಸಲ ಮೇಲಿಂದ ಕೆಳಗೆ ಓದ್ರಪ್ಪಾ.

ವಿಶ್‌ಲಿಸ್ಟಿಗೆ ಹಾಕಿ ಒಂದಷ್ಟು ದಿನ ಬಿಟ್ರೆ ಎಷ್ಟೋ ಆಸೆ ತಾನೇ ಇಳಿದು ಹೋಗುತ್ತೆ. ಇಳೀದೇ ಉಳಿಯೋದು ಒಂದೋ ಎರಡೋ, ಅದನ್ನ ಖುಷಿಯಾಗಿ ತಗೊಳ್ಳಿ.

ಯಾರಿಗಾದ್ರೂ ಹಿಂಗೆ ಮೋಸ ಆಗಿದ್ರೆ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡ್ಬಹುದು.